ಉಳಿದುಕೊಂಡ ಬಿಷಪ್

ಮಧ್ಯಯುಗದ ಇಂಗ್ಲೆಂಡಿನ ಧರ್ಮಗುರುಗಳಲ್ಲಿ ನಮ್ಮ ಕಡೆಯ ಓದುಗರು ಒಂದು ಹೆಸರನ್ನಾದರೂ ಕೇಳಿದ್ದರೆ ಅದು ಥಾಮಸ್ ಬೆಕೆಟ್‌ನದು. 1170ರ ಡಿಸೆಂಬರಿನಲ್ಲಿ ಕ್ಯಾಂಟರ್‌ಬರಿಯ ದೇವಾಲಯದ ಒಳಗೇ ರಾಜನ ಕಡೆಯ ನಾಲ್ವರು ಸರದಾರರು ಆ ಆರ್ಚ್‌ಬಿಷಪ್‌ನನ್ನು ಕತ್ತಿಯಿಂದ ಕಡಿದು ಹಾಕಿದರು. ರಾಜನಿಗೆ ಎದುರು ನಿಂತು ರಕ್ತ ಚೆಲ್ಲಿದವನ ಕತೆ ಶತಮಾನಗಳನ್ನು ದಾಟಿ ಬರುತ್ತದೆ, ಬರಬೇಕಾದದ್ದೇ. ಆದರೆ ಬಹಳ ದಿನಗಳಿಂದ ನನ್ನ ಮನಸ್ಸಿನಲ್ಲಿ ಕುಳಿತಿರುವವನು ಬೆಕೆಟ್‌ಗಿಂತ ಸುಮಾರು ನೂರು ವರ್ಷ ಹಿಂದಿನ ಇನ್ನೊಬ್ಬ. ವುಸ್ಟರ್‌ನ ಬಿಷಪ್ ವುಲ್ಫ್‌ಸ್ಟನ್. ಅವನು ಎದುರು ನಿಲ್ಲಲಿಲ್ಲ. ದೇಶ ಸೋತಾಗ ಗೆದ್ದವನ ಮುಂದೆ ತಲೆಬಾಗಿದ, ನಿಷ್ಠೆಯ ಪ್ರಮಾಣ ಮಾಡಿದ, ತನ್ನ ಪೀಠದಲ್ಲಿ ಉಳಿದುಕೊಂಡ. 1062ರಿಂದ 1095ರವರೆಗೆ ಒಂದೇ ಊರಿನಲ್ಲಿ ಒಂದೇ ಕೆಲಸ ಮಾಡಿ, ಸುಮಾರು 87ನೆಯ ವಯಸ್ಸಿನಲ್ಲಿ ತನ್ನ ಕೋಣೆಯಲ್ಲೇ ಸತ್ತ.

ಹೀಗೆ ಉಳಿದುಕೊಂಡವರ ಬಗ್ಗೆ ಚರಿತ್ರೆ ಹೆಚ್ಚು ಮಾತಾಡುವುದಿಲ್ಲ. ಮಾತಾಡಿದರೂ ಸ್ವಲ್ಪ ಅನುಮಾನದಿಂದಲೇ ಮಾತಾಡುತ್ತದೆ. ಆ ಅನುಮಾನ ನನಗೂ ಇದೆ, ಅದನ್ನು ಬದಿಗಿಟ್ಟು ಅವನನ್ನು ಹೊಗಳುವುದು ನನ್ನಿಂದಾಗದು. ಅನುಮಾನವನ್ನು ಜೊತೆಗಿಟ್ಟುಕೊಂಡೇ ಅವನ ಬದುಕನ್ನು ಹೇಳುತ್ತೇನೆ.

ಅವನು ಹುಟ್ಟಿದ್ದು ಸುಮಾರು 1008ರಲ್ಲಿ, ವಾರಿಕ್‌ಷೈರ್ ಸೀಮೆಯ ಇಚಿಂಗ್ಟನ್ ಎಂಬ ಹಳ್ಳಿಯಲ್ಲಿ. ಓದಿದ್ದು ಈವ್‌ಷಮ್ ಮತ್ತು ಪೀಟರ್‌ಬರೊ ಮಠಗಳಲ್ಲಿ. ತಂದೆತಾಯಿ ಇಬ್ಬರೂ ಮುಪ್ಪಿನಲ್ಲಿ ಸಂಸಾರ ಬಿಟ್ಟು ವ್ರತ ಹಿಡಿದವರು. ಮಗ ವುಸ್ಟರ್ ಬಿಷಪ್‌ನ ಮನೆವಾರ್ತೆಯಲ್ಲಿ ಸೇರಿ ಪಾದ್ರಿಯಾದ. ಒಳ್ಳೆಯ ಆದಾಯದ ಚರ್ಚೊಂದನ್ನು ಕೊಡುತ್ತೇವೆಂದರೂ ಬೇಡವೆಂದು ಅಲ್ಲಿನ ಮಠದಲ್ಲಿ ಸನ್ಯಾಸ ತೆಗೆದುಕೊಂಡ.

ಆ ಕಾಲದ ಒಂದು ಪ್ರಸಂಗವನ್ನು ಅವನ ಚರಿತ್ರೆ ಬರೆದವರು ತಪ್ಪದೆ ಹೇಳುತ್ತಾರೆ. ವುಲ್ಫ್‌ಸ್ಟನ್ ಪೂಜೆಗೆ ನಿಂತಿದ್ದ. ಚರ್ಚಿನ ಪಕ್ಕದಲ್ಲೇ ಇದ್ದ ಮನೆಯಲ್ಲಿ ಹೆಬ್ಬಾತಿನ ಮಾಂಸ ಕೆಂಡದ ಮೇಲೆ ಬೇಯುತ್ತಿತ್ತು, ಊಟ ಅವನಿಗಾಗಿಯೇ ತಯಾರಾಗುತ್ತಿತ್ತು. ಕೊಬ್ಬು ಕರಗಿ ಕೆಂಡಕ್ಕೆ ಬಿದ್ದ ಪರಿಮಳ ಗಾಳಿಯಲ್ಲಿ ಬಂದು ಮೂಗಿಗೆ ಹತ್ತಿತು. ಬಾಯಲ್ಲಿ ಮಂತ್ರ, ಮನಸ್ಸೆಲ್ಲ ಬಾತಿನ ಮೇಲೆ. ತನ್ನ ಮೇಲೆ ತನಗೇ ಎಷ್ಟು ಸಿಟ್ಟು ಬಂತೆಂದರೆ, ಇನ್ನು ಮುಂದೆ ಅಂಥ ಮಾಂಸ ಮುಟ್ಟುವುದಿಲ್ಲವೆಂದು ಅಲ್ಲಿಯೇ ಪ್ರತಿಜ್ಞೆ ಮಾಡಿದ. ಊಟ ಮಾಡದೆ ಹೊರಟುಹೋದ. ಸಂತರ ಚರಿತ್ರೆಗಳಲ್ಲಿ ಸಾಮಾನ್ಯವಾಗಿ ದೆವ್ವಗಳು ಬಂದು ಕಾಡುತ್ತವೆ. ಇಲ್ಲಿ ಕಾಡಿದ್ದು ಹಸಿವು, ಅಡುಗೆಮನೆಯ ವಾಸನೆ. ಹಾಗಾಗಿಯೇ ನನಗೆ ಈ ಪ್ರಸಂಗ ನಂಬುವಂತೆ ಕಾಣುತ್ತದೆ.

ಮಠದಲ್ಲಿ ಹುಡುಗರಿಗೆ ಪಾಠ ಹೇಳಿ, ಹಾಡುಗಾರಿಕೆ ನೋಡಿಕೊಂಡು, ಕೊನೆಗೆ ಪ್ರಯರ್, ಎಂದರೆ ಮಠದ ಆಡಳಿತ ನಡೆಸುವ ಹಿರಿಯನಾದ. ಆಗ ಸುತ್ತಲಿನ ಊರುಗಳ ಪಾದ್ರಿಗಳಲ್ಲಿ ಎಷ್ಟೋ ಜನ ಹಣ ಕೊಡದಿದ್ದರೆ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸುತ್ತಿರಲಿಲ್ಲ. ವುಲ್ಫ್‌ಸ್ಟನ್ ಬೆಳಗಿನಿಂದ ಸಂಜೆಯವರೆಗೆ ಚರ್ಚಿನ ಬಾಗಿಲ ಮುಂದೆ ನಿಲ್ಲತೊಡಗಿದ. ಬಡವರು ಕೂಸುಗಳನ್ನು ಎತ್ತಿಕೊಂಡು ಬಂದರು, ಕಾಸು ಕೇಳದೆ ಜ್ಞಾನಸ್ನಾನ ಕೊಟ್ಟ. ಕ್ರಮೇಣ ಉಳ್ಳವರೂ ತಮ್ಮ ಮಕ್ಕಳಿಗೆ ಅವನ ಕೈಯಿಂದಲೇ ಆಗಬೇಕೆಂದು ಹಟ ಹಿಡಿದರಂತೆ. ದೊಡ್ಡ ಪದವಿಯಲ್ಲಿರುವ ಮನುಷ್ಯ ಬಾಗಿಲಲ್ಲಿ ಸಿಗುವುದು ಎಷ್ಟು ದೊಡ್ಡ ವಿಷಯ ಎಂಬುದು, ಸಹಿಯೊಂದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1062ರಲ್ಲಿ ವುಸ್ಟರ್‌ನ ಪೀಠ ಖಾಲಿಯಾಯಿತು. ಅಲ್ಲಿ ಬಿಷಪ್ ಆಗಿದ್ದ ಎಲ್ಡ್ರೆಡ್ ಯಾರ್ಕ್‌ನ ಆರ್ಚ್‌ಬಿಷಪ್ ಆಗಿ, ಎರಡೂ ಪೀಠಗಳನ್ನು ಇಟ್ಟುಕೊಳ್ಳಲು ನೋಡಿದ್ದ, ಪೋಪ್ ಒಪ್ಪಲಿಲ್ಲ. ರೋಮಿನಿಂದ ಬಂದ ಪೋಪ್‌ನ ದೂತರು ಆ ವರ್ಷದ ತಪಸ್ಸುಕಾಲವನ್ನು, ಎಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳನ್ನು, ವುಸ್ಟರ್ ಮಠದಲ್ಲಿ ಕಳೆದರು. ಅತಿಥಿಗಳಿಗೆ ಚೆನ್ನಾಗಿ ಉಣಬಡಿಸಿ ತಾನು ಮಾತ್ರ ಕಟ್ಟುನಿಟ್ಟಾಗಿ ಉಪವಾಸ ನಡೆಸುತ್ತಿದ್ದ ಪ್ರಯರ್ ಅವರ ಕಣ್ಣಿಗೆ ಬಿದ್ದ. ಬಿಷಪ್ ಆಗುವುದಕ್ಕಿಂತ ತಲೆ ಕಡಿಸಿಕೊಳ್ಳುವುದೇ ಮೇಲು ಎಂದು ವುಲ್ಫ್‌ಸ್ಟನ್ ಹಿಂದೇಟು ಹಾಕಿದ. ನಲವತ್ತು ವರ್ಷ ಏಕಾಂತದಲ್ಲಿದ್ದ ವುಲ್ಫ್‌ಸಿಗ್ ಎಂಬ ಮುನಿ ಬೈದು ಬುದ್ಧಿ ಹೇಳಿದ ಮೇಲೆ ಒಪ್ಪಿದ. ಆ ಸೆಪ್ಟೆಂಬರ್ 8ರಂದು ಯಾರ್ಕ್‌ನಲ್ಲಿ ಪಟ್ಟಾಭಿಷೇಕವಾಯಿತು. ಎಲ್ಡ್ರೆಡ್ ಮಾತ್ರ ಹೋಗುವಾಗ ವುಸ್ಟರ್‌ನ ಅನೇಕ ಹಳ್ಳಿಗಳನ್ನು ತನ್ನ ಹಿಡಿತದಲ್ಲೇ ಉಳಿಸಿಕೊಂಡ. ಅವನ್ನು ಬಿಡಿಸಿಕೊಳ್ಳಲು ವುಲ್ಫ್‌ಸ್ಟನ್ ಬಹಳ ವರ್ಷ ಹೋರಾಡಬೇಕಾಯಿತು.

ಹೊಸ ಬಿಷಪ್‌ಗೆ ಆಪ್ತನಾಗಿದ್ದವನು ಹೆರಾಲ್ಡ್, ಮುಂದೆ ನಾಲ್ಕು ವರ್ಷಕ್ಕೆ ಇಂಗ್ಲೆಂಡಿನ ರಾಜನಾದವನು. ದಾರಿಯಲ್ಲಿ ಮೂವತ್ತು ಮೈಲಿ ಸುತ್ತು ಬಳಸಿಯಾದರೂ ಬಂದು ವುಲ್ಫ್‌ಸ್ಟನ್ ಬಳಿ ಮಾತಾಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದನೆಂದು ಬರೆದಿದ್ದಾರೆ. 1066ರ ಜನವರಿಯಲ್ಲಿ ಎಡ್ವರ್ಡ್ ರಾಜ ಸತ್ತು ಹೆರಾಲ್ಡ್ ಪಟ್ಟವೇರಿದಾಗ ಉತ್ತರದ ಜನ ಒಪ್ಪಲು ತಯಾರಿರಲಿಲ್ಲ. ಹೆರಾಲ್ಡ್ ಯಾರ್ಕ್‌ಗೆ ಹೊರಟ, ಜೊತೆಗೆ ಕರೆದುಕೊಂಡು ಹೋದದ್ದು ವುಲ್ಫ್‌ಸ್ಟನ್‌ನನ್ನು. ಅಂದರೆ ಈ ಬಿಷಪ್ ದೂರದಲ್ಲಿ ಕುಳಿತು ನೋಡುತ್ತಿದ್ದವನಲ್ಲ. ಸೋಲಲಿದ್ದ ಪಕ್ಷದ ಒಳಗಿನವನು.

ಆ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್ ಬಳಿಯ ಯುದ್ಧದಲ್ಲಿ ಹೆರಾಲ್ಡ್ ಬಿದ್ದ. ಗೆದ್ದವನು ಫ್ರಾನ್ಸಿನ ಉತ್ತರ ಕರಾವಳಿಯ ನಾರ್ಮಂಡಿಯಿಂದ ದಂಡೆತ್ತಿ ಬಂದಿದ್ದ ವಿಲಿಯಂ, ಇಂಗ್ಲೆಂಡಿನ ಮುಂದಿನ ರಾಜ. ಅವನು ಊರುಗಳನ್ನು ಸುಡುತ್ತ ಲಂಡನ್ ಸುತ್ತುವರಿದು ಬರ್ಕಮ್‌ಸ್ಟೆಡ್‌ಗೆ ಬಂದಾಗ ಇಂಗ್ಲಿಷ್ ಗಣ್ಯರು ಅಲ್ಲಿಗೆ ಹೋಗಿ ಶರಣಾದರು. ವುಲ್ಫ್‌ಸ್ಟನ್ ಅವರಲ್ಲಿ ಒಬ್ಬ. ಆ ಕಾಲದ ಇಂಗ್ಲಿಷ್ ವೃತ್ತಾಂತವೊಂದು ಈ ಶರಣಾಗತಿಯ ಬಗ್ಗೆ ಕಟುವಾಗಿ ಬರೆಯುತ್ತದೆ: ಆಗಬಾರದ ಹಾನಿಯೆಲ್ಲ ಆದ ಮೇಲೆ ಗತ್ಯಂತರವಿಲ್ಲದೆ ಬಾಗಿದರು, ಮೊದಲೇ ಬಾಗದಿದ್ದುದು ದೊಡ್ಡ ಮೂರ್ಖತನ, ಎಂದು. ನಾನಂತೂ ಈ ಸಾಲಿನ ಹತ್ತಿರ ಪ್ರತಿಸಲ ನಿಲ್ಲುತ್ತೇನೆ. ಸ್ನೇಹಿತ ಸತ್ತು ಮೂರು ತಿಂಗಳಾಗಿಲ್ಲ, ಅವನನ್ನು ಕೊಂದವನ ಕೈಯೊಳಗೆ ಕೈಯಿಟ್ಟು ಪ್ರಮಾಣ.

ಮುಂದಿನ ಹತ್ತು ವರ್ಷಗಳಲ್ಲಿ ಇಂಗ್ಲೆಂಡಿನ ಚರ್ಚಿನ ಮೇಲಿನ ಸಾಲು ಹೆಚ್ಚುಕಡಿಮೆ ಪೂರ್ತಿ ಬದಲಾಯಿತು. 1070ರಲ್ಲಿ ಕ್ಯಾಂಟರ್‌ಬರಿಯ ಸ್ಟಿಗಂಡ್‌ನನ್ನು ಇಳಿಸಿ ಇಟಲಿ ಮೂಲದ ವಿದ್ವಾಂಸ ಲ್ಯಾನ್‌ಫ್ರಾಂಕ್‌ನನ್ನು ತಂದು ಕೂರಿಸಿದರು. ಒಬ್ಬೊಬ್ಬ ಇಂಗ್ಲಿಷ್ ಬಿಷಪ್ ಸತ್ತಂತೆ ಅಥವಾ ಪದಚ್ಯುತನಾದಂತೆ ಆ ಜಾಗಕ್ಕೆ ಸಮುದ್ರದಾಚೆಯವರು ಬಂದರು. 1075ರ ನಂತರ ಇಂಗ್ಲೆಂಡಿನಲ್ಲೇ ಹುಟ್ಟಿದ ಬಿಷಪ್ ಎಂದು ಉಳಿದವನು ವುಲ್ಫ್‌ಸ್ಟನ್ ಒಬ್ಬನೇ. ಇನ್ನೂ ಇಪ್ಪತ್ತು ವರ್ಷ ಹಾಗೆಯೇ ಉಳಿದ.

ಉಳಿಯುವುದಕ್ಕೆ ಬೆಲೆ ಇತ್ತು. 1075ರಲ್ಲಿ ಹೆರೆಫರ್ಡ್‌ನ ಅರ್ಲ್ ರೋಜರ್ ರಾಜನ ವಿರುದ್ಧ ದಂಗೆಯೆದ್ದಾಗ ಅವನ ಸೈನ್ಯ ಸೆವರ್ನ್ ನದಿ ದಾಟದಂತೆ ತಡೆದವರಲ್ಲಿ ವುಲ್ಫ್‌ಸ್ಟನ್ ಇದ್ದ. ಪಕ್ಕದಲ್ಲಿ ನಿಂತಿದ್ದವನು ಊರ್ಸ್ ಎಂಬ ನಾರ್ಮನ್ ಶೆರಿಫ್, ರಾಜನ ಪರವಾಗಿ ಸೀಮೆಯ ಆಡಳಿತ ನೋಡುತ್ತಿದ್ದ ಅಧಿಕಾರಿ. ವುಸ್ಟರ್ ಮಠದ ಸನ್ಯಾಸಿಗಳ ಸ್ಮಶಾನದ ನೆಲವನ್ನೇ ಕೊರೆದು ಕೋಟೆಯ ಕಂದಕ ತೋಡಿಸಿದ್ದವನು. 1088ರಲ್ಲಿ, ವಿಲಿಯಂನ ಮಗ ವಿಲಿಯಂ ರೂಫಸ್‌ನ ವಿರುದ್ಧ ಗಡಿನಾಡಿನ ನಾರ್ಮನ್ ಪಾಳೆಯಗಾರರು ವೆಲ್ಷ್ ಪಡೆ ಕೂಡಿಸಿಕೊಂಡು ವುಸ್ಟರ್ ಮೇಲೆ ಬಿದ್ದಾಗ, ಎಂಬತ್ತರ ಮುದುಕ ಅದೇ ಕೋಟೆಯೊಳಗೆ ಹೋಗಿ ಕುಳಿತು, ದಾಳಿಕೋರರನ್ನು ಶಪಿಸಿ ರಾಜನ ಪಡೆಯನ್ನು ಹುರಿದುಂಬಿಸಿದ. ಇವೆರಡಕ್ಕೂ ಮೊದಲು, 1069–70ರ ಚಳಿಗಾಲದಲ್ಲಿ, ತಂದೆ ವಿಲಿಯಂ ಉತ್ತರ ಸೀಮೆಯನ್ನು ಸುಟ್ಟು ಬರಡು ಮಾಡಿದ್ದ. ಹಸಿದು ಓಡಿಬಂದವರು ವುಸ್ಟರ್‌ಗೆ ಹತ್ತಿರದ ಈವ್‌ಷಮ್‌ವರೆಗೂ ತಲುಪಿ, ಅಲ್ಲಿನ ಮಠ ಅವರಿಗೆ ಅನ್ನ ಹಾಕಿತ್ತು. ಇದು ವುಲ್ಫ್‌ಸ್ಟನ್‌ಗೆ ತಿಳಿಯದೆ ಇರಲು ಸಾಧ್ಯವಿಲ್ಲ. ತಿಳಿದೂ ಆ ರಾಜನಿಗೆ ನಿಷ್ಠನಾಗಿದ್ದ.

ನನ್ನ ಸೋದರಮಾವ ಕೆಲಸಕ್ಕಿದ್ದ ಕಾರ್ಖಾನೆ ಬೇರೆಯವರ ಕೈಗೆ ಹೋದಾಗ ಜೊತೆಯವರಲ್ಲಿ ಹೆಚ್ಚಿನವರು ಬಿಟ್ಟು ಹೊರಬಂದರು, ಮಾವ ಮಾತ್ರ ಉಳಿದರು. ಊರಲ್ಲಿ ಅವರಿಗೆ ‘ಹೊಸ ದಣಿಯ ಮನುಷ್ಯ’ ಎಂಬ ಹೆಸರು ಬಿತ್ತು. ಬಿಟ್ಟು ಬಂದವರ ಭವಿಷ್ಯನಿಧಿಯ ಲೆಕ್ಕವನ್ನು ಹಳೆಯ ಕಡತಗಳಿಂದ ಹುಡುಕಿ ತೆಗೆದು, ಬರಬೇಕಾದ ದುಡ್ಡು ಬರುವಂತೆ ಮಾಡಿದವರೂ ಅವರೇ. ಹೊಸ ಆಡಳಿತದ ಕಾಗದಗಳಿಗೆ ಸಹಿ ಹಾಕಿದ್ದೂ ನಿಜ, ಇದೂ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ವುಲ್ಫ್‌ಸ್ಟನ್‌ನನ್ನು ಓದುವಾಗ ನನಗೆ ಮಾವನ ಆ ಕಡತಗಳು ನೆನಪಾಗುತ್ತವೆ, ಏಕೆಂದರೆ ಈ ಬಿಷಪ್ ಕೂಡ ಮೊದಲು ಕೈಹಾಕಿದ್ದು ಕಾಗದಪತ್ರಗಳಿಗೇ.

ಗೆದ್ದವರು ಭೂಮಿ ಹಂಚಿಕೊಳ್ಳುತ್ತಿದ್ದ ಕಾಲ ಅದು. ಯಾರ ಬಳಿ ದಾಖಲೆ ಇಲ್ಲವೋ ಅವರ ಹೊಲ ಹೋಯಿತೆಂದೇ ಲೆಕ್ಕ. ವುಲ್ಫ್‌ಸ್ಟನ್ ಮಠದ ಪೆಟ್ಟಿಗೆಯಲ್ಲಿದ್ದ ಹಳೆಯ ದಾನಪತ್ರಗಳನ್ನೆಲ್ಲ ತೆಗೆಸಿ, ಹರಿದಿದ್ದನ್ನು ಸರಿಪಡಿಸಿ, ನಕಲು ಮಾಡಿಸಿದ. ಹೆಮಿಂಗ್ ಎಂಬ ಸನ್ಯಾಸಿ ಅವನ ಅಪ್ಪಣೆಯಂತೆ ಆ ಪತ್ರಗಳ ಸಂಗ್ರಹವನ್ನು ಪುಸ್ತಕವಾಗಿ ಬರೆದ. ಯಾವ ಹಳ್ಳಿ ಡೆನ್ಮಾರ್ಕಿನಿಂದ ಬಂದ ಡೇನರ ಕಾಲದಲ್ಲಿ ಕೈತಪ್ಪಿತು, ಯಾವುದನ್ನು ನಾರ್ಮನ್ನರು ಕಿತ್ತುಕೊಂಡರು, ಯಾವುದನ್ನು ಊರ್ಸ್ ನುಂಗಿದ, ಎಲ್ಲ ಅದರಲ್ಲಿದೆ. ಇಂಗ್ಲೆಂಡಿನಲ್ಲಿ ಉಳಿದುಬಂದಿರುವ ಇಂಥ ದಾನಪತ್ರ ಸಂಗ್ರಹಗಳಲ್ಲಿ ಅತ್ಯಂತ ಹಳೆಯದು ಈ ಹಸ್ತಪ್ರತಿ, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. 1086ರಲ್ಲಿ ರಾಜ ಇಡೀ ದೇಶದ ಭೂಮಾಪನ ಮಾಡಿಸಿ ಡೂಮ್ಸ್‌ಡೇ ಪುಸ್ತಕ ಬರೆಸಿದಾಗ, ಓಸ್ವಾಲ್ಡ್ಸ್‌ಲೋ ಎಂಬ ವಿಭಾಗದ 300 ಹೈಡ್ ಭೂಮಿ ವುಸ್ಟರ್ ಚರ್ಚಿನದೆಂದು ದಾಖಲಾಯಿತು. ಹೈಡ್ ಎಂದರೆ ತೆರಿಗೆ ಲೆಕ್ಕದ ಅಳತೆ, ಒಂದು ಕುಟುಂಬದ ಜೀವನಕ್ಕೆ ಸಾಕಾಗುವ ಭೂಮಿ ಎಂಬುದು ಅದರ ಮೂಲ. ಅತ್ತ ಯಾರ್ಕ್‌ನ ಹೊಸ ಆರ್ಚ್‌ಬಿಷಪ್, ವುಸ್ಟರ್ ತನ್ನ ಅಧೀನ ಎಂದು ಹೂಡಿದ ವಾದವೂ ನಿಲ್ಲಲಿಲ್ಲ. ಎಲ್ಡ್ರೆಡ್ ಹಿಡಿದಿಟ್ಟಿದ್ದ ಹಳ್ಳಿಗಳು ವಾಪಸು ಬಂದವು.

ನಾರ್ಮನ್ ಗುರುಗಳ ನಡುವೆ ಈ ಮನುಷ್ಯ ಹೇಗೆ ಕಾಣುತ್ತಿದ್ದ ಎಂಬುದಕ್ಕೆ ಒಂದು ಪ್ರಸಂಗವಿದೆ. ಚಳಿಗೆ ಅವನು ಕುರಿಮರಿಯ ತುಪ್ಪಳದ ಅಂಗಿ ತೊಡುತ್ತಿದ್ದ. ಕೂಟಾನ್ಸ್‌ನ ಬಿಷಪ್ ಜೆಫ್ರಿ, ಭಾರೀ ಸಿರಿವಂತ, ಅದನ್ನು ನೋಡಿ, ನಿನ್ನ ಅಂತಸ್ತಿಗೆ ಸೇಬಲ್, ಬೀವರ್, ನರಿಯ ತುಪ್ಪಳ ತೊಡಬಹುದಲ್ಲ ಎಂದ. ಅವೆಲ್ಲ ಚತುರ ಪ್ರಾಣಿಗಳು, ಲೋಕದ ಜಾಣತನ ಬಲ್ಲವರಿಗೆ ಒಪ್ಪುತ್ತವೆ, ನನಗೆ ಕುರಿಮರಿಯೇ ಸಾಕು ಎಂದು ವುಲ್ಫ್‌ಸ್ಟನ್ ಉತ್ತರಿಸಿದ. ಹಾಗಾದರೆ ಕಡೇ ಪಕ್ಷ ಬೆಕ್ಕಿನದಾದರೂ ಹಾಕು ಎಂದು ಜೆಫ್ರಿ ಬಿಡದೆ ಹೇಳಿದಾಗ ವುಲ್ಫ್‌ಸ್ಟನ್ ಎಂದನಂತೆ: “ದೇವರ ಬೆಕ್ಕು ಎಂದು ಹಾಡಿದ್ದನ್ನು ನಾನು ಯಾವತ್ತೂ ಕೇಳಿಲ್ಲ, ದೇವರ ಕುರಿಮರಿ ಎಂದು ಹಾಡುವುದನ್ನು ಕೇಳಿದ್ದೇನೆ.” ಪೂಜೆಯಲ್ಲಿ ದಿನವೂ ಹಾಡುವ ಸಾಲು ಅದು, ಯೇಸುವನ್ನು ದೇವರ ಕುರಿಮರಿ ಎಂದು ಕರೆಯುವ ಸಾಲು. ಸಭೆ ನಕ್ಕಿತು. ಅವನನ್ನು ಓದುಬರಹ ಸಾಲದ ಹಳ್ಳಿಗ ಎಂದುಕೊಂಡಿದ್ದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾಗಿರಲಿಲ್ಲ.

ಇನ್ನು ಬ್ರಿಸ್ಟಲ್. ನಾನು ಈ ಬರಹಕ್ಕೆ ಕೂರಲು ಮುಖ್ಯ ಕಾರಣವೇ ಅದು.

ಸೆವರ್ನ್ ನದೀಮುಖದ ಬಳಿಯ ಬ್ರಿಸ್ಟಲ್ ಬಂದರು ವುಸ್ಟರ್ ಧರ್ಮಪ್ರಾಂತ್ಯದ ದಕ್ಷಿಣದ ತುದಿಯಲ್ಲಿತ್ತು. ಅಲ್ಲಿಂದ ಐರ್ಲೆಂಡಿಗೆ ಹಡಗುಗಳು ಹೋಗುತ್ತಿದ್ದವು, ಅವುಗಳಲ್ಲಿ ಹೋಗುತ್ತಿದ್ದ ಸರಕಿನಲ್ಲಿ ಮನುಷ್ಯರೂ ಇದ್ದರು. ಇಂಗ್ಲೆಂಡಿನ ಮೂಲೆ ಮೂಲೆಗಳಿಂದ ಕೊಂಡು ತಂದ ಹುಡುಗ ಹುಡುಗಿಯರನ್ನು ಸಾಲಾಗಿ ಹಗ್ಗದಿಂದ ಕಟ್ಟಿ ಮಾರುಕಟ್ಟೆಯಲ್ಲಿ ನಿಲ್ಲಿಸುತ್ತಿದ್ದರು. ವ್ಯಾಪಾರಿಗಳು ಆಳುಹೆಣ್ಣುಗಳನ್ನು ತಾವೇ ಬಳಸಿಕೊಂಡು, ಬಸುರಿಯಾದ ಮೇಲೆ ಮಾರಾಟಕ್ಕಿಡುತ್ತಿದ್ದರು. ಈ ವಿವರ ಬರೆದಿಟ್ಟವನು ಮುಂದಿನ ಶತಮಾನದ ಸನ್ಯಾಸಿ, ಚರಿತ್ರೆಕಾರ ಮಾಮ್ಸ್‌ಬರಿಯ ವಿಲಿಯಂ. ಅನಾಗರಿಕರಿಗೂ ಕನಿಕರ ಹುಟ್ಟಿಸುವಂಥ ದೃಶ್ಯ ಎಂದು ಬರೆಯುವಾಗ ಅವನ ಲ್ಯಾಟಿನ್ ಕೂಡ ಬಿಸಿಯಾಗುತ್ತದೆ. ಇದು ಕದ್ದು ಮುಚ್ಚಿ ನಡೆಯುತ್ತಿದ್ದ ದಂಧೆಯಾಗಿರಲಿಲ್ಲ. ಇಂಥ ಮಾರಾಟದಿಂದ ರಾಜನ ಬೊಕ್ಕಸಕ್ಕೆ ಸುಂಕ ಬರುತ್ತಿತ್ತು. ದಕ್ಷಿಣ ಕರಾವಳಿಯ ಲೂಯಿಸ್ ಪಟ್ಟಣದ ಸುಂಕದ ದರ ಡೂಮ್ಸ್‌ಡೇ ಪುಸ್ತಕದಲ್ಲೇ ಇದೆ: ಎತ್ತು ಮಾರಿದರೆ ಅರ್ಧ ಪೆನ್ನಿ, ಮನುಷ್ಯನನ್ನು ಮಾರಿದರೆ 4 ಪೆನ್ನಿ. ಎರಡೂ ಒಂದೇ ಕಡೆ, ಒಂದೇ ಗುಮಾಸ್ತನ ಕೈಬರಹದ ಲೆಕ್ಕ.

ವುಲ್ಫ್‌ಸ್ಟನ್ ಅಲ್ಲಿಗೆ ಹೋಗಿ ಏನು ಮಾಡಿದ? ಶಾಪ ಹಾಕಲಿಲ್ಲ, ಸೈನ್ಯ ಕರೆಸಲಿಲ್ಲ. ಬ್ರಿಸ್ಟಲ್ ಸುತ್ತಮುತ್ತ ಎರಡು ಮೂರು ತಿಂಗಳು ಬೀಡುಬಿಟ್ಟು, ಪ್ರತಿ ಭಾನುವಾರ ಊರೊಳಗೆ ಬಂದು ಜನರ ಮಾತಿನಲ್ಲೇ, ಇಂಗ್ಲಿಷಿನಲ್ಲೇ, ಬೋಧಿಸಿದ. ಹಿಂದಿರುಗಿದ. ಮತ್ತೆ ಬಂದ. ದೇವರ ಭಯಕ್ಕೂ ರಾಜನ ಭಯಕ್ಕೂ ಬಗ್ಗದ ಊರು ಅದು ಎಂದು ವಿಲಿಯಂ ಬರೆಯುತ್ತಾನೆ. ಆ ಊರಿಗೆ ಬಿಷಪ್ ವಾರದಿಂದ ವಾರಕ್ಕೆ ಒಂದೇ ಮಾತನ್ನು ಹೇಳುತ್ತ ಹೋದ. ಹಂತಹಂತವಾಗಿ ಮಾರುಕಟ್ಟೆ ಕುಗ್ಗಿತು. ಕೊನೆಗೆ ಬ್ರಿಸ್ಟಲ್‌ನವರು ತಾವೇ ಆ ವ್ಯಾಪಾರ ಬಿಟ್ಟು, ಇತರ ಊರುಗಳಿಗೂ ಮಾದರಿಯಾದರು ಎನ್ನುತ್ತದೆ ಚರಿತ್ರೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆಂದದ ಕತೆ. ಆದರೆ ಬಿಡಲೊಪ್ಪದ ಒಬ್ಬನನ್ನು ಊರಿನವರು ಹಿಡಿದು, ಊರಿಂದಾಚೆ ಹಾಕಿ, ಕಣ್ಣು ಕಿತ್ತರು. ಬಿಷಪ್‌ನ ಬೋಧನೆಯಿಂದ ಎದ್ದ ಕೋಪ ಇದು. ವಿಲಿಯಂ ಜನರ ಧರ್ಮನಿಷ್ಠೆಯನ್ನು ಮೆಚ್ಚಿ, ಹಿಂಸೆಯನ್ನು ಖಂಡಿಸುತ್ತಾನೆ. ನಾನಾದರೂ ಇದನ್ನು ಮುಚ್ಚಿಟ್ಟು ಮುಂದೆ ಹೋಗಲಾರೆ.

ಇದಕ್ಕಿಂತ ಕಠಿಣವಾದ ಸಂಗತಿ ಡೂಮ್ಸ್‌ಡೇ ಪುಸ್ತಕದಲ್ಲಿದೆ. ಅದರಲ್ಲಿ ಎಣಿಸಿದ ಜನರಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಗುಲಾಮರು, ಪಶ್ಚಿಮದ ಸೀಮೆಗಳಲ್ಲಿ ಇನ್ನೂ ಹೆಚ್ಚು. ವುಸ್ಟರ್ ಚರ್ಚಿನ ಸ್ವಂತ ಹಳ್ಳಿಗಳ ಲೆಕ್ಕ ಓದಿದರೆ ನೇಗಿಲು, ಗಿರಣಿ, ಹುಲ್ಲುಗಾವಲಿನ ಜೊತೆ ಗುಲಾಮರ ಸಂಖ್ಯೆಯೂ ಬರುತ್ತದೆ. ಬ್ರಿಸ್ಟಲ್‌ನಲ್ಲಿ ಹಗ್ಗದ ಸಾಲನ್ನು ನೋಡಿ ಮರುಗಿದ ಅದೇ ಬಿಷಪ್‌ನ ಹೊಲಗಳನ್ನು ಉಳುತ್ತಿದ್ದವರೂ ಗುಲಾಮರೇ. ಅವನ ಕಣ್ಣಿಗೆ ಬಿದ್ದ ಪಾಪ ಮನುಷ್ಯರನ್ನು ಕಟ್ಟಿ ಹೊರದೇಶಕ್ಕೆ ಮಾರುವುದು. ಊರಿನಲ್ಲೇ ಮನುಷ್ಯ ಇನ್ನೊಬ್ಬನ ಸೊತ್ತಾಗಿರುವುದು ಕಣ್ಣಿಗೆ ಬೀಳಲಿಲ್ಲ. ಪ್ರತಿದಿನ ಕಾಣುವುದು ಕಣ್ಣಿಗೆ ಕಾಣದೆ ಹೋಗುವ ಈ ಕುರುಡುತನಕ್ಕೆ ಕ್ಷಮೆ ಹುಡುಕುವ ಮನಸ್ಸು ನನಗಿಲ್ಲ. ಹಾಗೆಂದು ಬ್ರಿಸ್ಟಲ್‌ನ ಆ ಭಾನುವಾರಗಳನ್ನು ಸಣ್ಣದು ಮಾಡುವುದಕ್ಕೂ ಇಷ್ಟವಿಲ್ಲ. ವುಲ್ಫ್‌ಸ್ಟನ್ ಮತ್ತು ಲ್ಯಾನ್‌ಫ್ರಾಂಕ್ ಸೇರಿ ರಾಜ ವಿಲಿಯಂನಿಂದಲೂ ಈ ವ್ಯಾಪಾರಕ್ಕೆ ನಿಷೇಧ ತಂದರು, ಸುಂಕ ಹೋಗುತ್ತದೆಂದು ರಾಜ ಅರೆಮನಸ್ಸಿನಲ್ಲೇ ಒಪ್ಪಿದ. 1102ರಲ್ಲಿ, ವುಲ್ಫ್‌ಸ್ಟನ್ ಸತ್ತು ಏಳು ವರ್ಷಕ್ಕೆ, ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸೇರಿದ ಚರ್ಚಿನ ಸಭೆ ಮನುಷ್ಯರನ್ನು ಮೂಕ ಪ್ರಾಣಿಗಳಂತೆ ಮಾರುವ ದುಷ್ಟ ವ್ಯಾಪಾರವನ್ನು ಯಾರೂ ಮಾಡಕೂಡದೆಂದು ವಿಧಿಸಿತು. ಮುಂದಿನ ಕೆಲವು ದಶಕಗಳಲ್ಲಿ ಗುಲಾಮಗಿರಿಯೇ ಇಂಗ್ಲೆಂಡಿನಿಂದ ಹೆಚ್ಚುಕಡಿಮೆ ಮಾಯವಾಯಿತು. ಅದಕ್ಕೆ ಆರ್ಥಿಕ ಕಾರಣಗಳು ಬಹಳ. ಗುಲಾಮನನ್ನು ಸಾಕುವುದಕ್ಕಿಂತ ತುಂಡು ಭೂಮಿ ಕೊಟ್ಟು ದುಡಿಸಿಕೊಳ್ಳುವುದು ಧಣಿಗಳಿಗೆ ಅಗ್ಗವಾಗುತ್ತಿತ್ತು. ಎಲ್ಲ ಕೀರ್ತಿಯನ್ನೂ ಒಬ್ಬ ಬಿಷಪ್‌ಗೆ ಕಟ್ಟಲಾಗದು.

ಬ್ರಿಸ್ಟಲ್‌ನಲ್ಲಿ ಅವನ ಮಾತು ನಡೆದದ್ದು ಅವನು ಪೀಠದಲ್ಲಿದ್ದುದರಿಂದ, ರಾಜಸಭೆಯಲ್ಲಿ ಅವನಿಗೆ ಜಾಗ ಇದ್ದುದರಿಂದ. ಬರ್ಕಮ್‌ಸ್ಟೆಡ್‌ನಲ್ಲಿ ಮಂಡಿಯೂರದೆ ಇದ್ದಿದ್ದರೆ ಆ ಜಾಗದಲ್ಲಿ ಒಬ್ಬ ನಾರ್ಮನ್ ಇರುತ್ತಿದ್ದ. ಬಂದರಿನ ಜನಕ್ಕೆ ಅವರದೇ ಭಾಷೆಯಲ್ಲಿ ತಿಂಗಳುಗಟ್ಟಲೆ ಹೇಳುವಷ್ಟು ಇಂಗ್ಲಿಷ್ ಆ ಬಿಷಪ್‌ಗಳಿಗೆ ಬರುತ್ತಿರಲಿಲ್ಲ. ನನ್ನ ಅನುಮಾನಕ್ಕೆ ನಾನು ಕೊಟ್ಟುಕೊಳ್ಳುವ ಉತ್ತರ ಇಷ್ಟು. ಉತ್ತರದ ಸೀಮೆಯಲ್ಲಿ ಮನೆ ಸುಟ್ಟುಹೋದವನೊಬ್ಬ ಇದನ್ನು ಒಪ್ಪುತ್ತಿದ್ದನೇ? ಬಹುಶಃ ಇಲ್ಲ. ಒಪ್ಪಬೇಕಾದ ಅಗತ್ಯವೂ ಅವನಿಗಿಲ್ಲ.

1084ರಲ್ಲಿ ವುಸ್ಟರ್‌ನಲ್ಲಿ ಹೊಸ ದೇವಾಲಯದ ಕೆಲಸ ಶುರುವಾಯಿತು. ಮಠದಲ್ಲಿ ಹನ್ನೆರಡು ಚಿಲ್ಲರೆ ಇದ್ದ ಸನ್ಯಾಸಿಗಳ ಸಂಖ್ಯೆಯನ್ನು 50ಕ್ಕೆ ಏರಿಸಿದ್ದೇನೆಂದು 1089ರ ದಾನಪತ್ರದಲ್ಲಿ ವುಲ್ಫ್‌ಸ್ಟನ್ ಹೇಳಿಕೊಂಡಿದ್ದಾನೆ. ಹಳೆಯ ಕಟ್ಟಡ ಸಾಲುತ್ತಿರಲಿಲ್ಲ. ನಾರ್ಮನ್ ಬಿಷಪ್‌ಗಳೆಲ್ಲ ಹಳೆಯ ಚರ್ಚುಗಳನ್ನು ಕೆಡವಿ ಭಾರೀ ಕಲ್ಲಿನ ದೇವಾಲಯ ಎಬ್ಬಿಸುತ್ತಿದ್ದ ಕಾಲ. ವುಲ್ಫ್‌ಸ್ಟನ್ ಕೂಡ ಎಬ್ಬಿಸಿದ. ಹೊಸದು ಮೇಲೆದ್ದು, ಹಿಂದಿನ ಶತಮಾನದಲ್ಲಿ ಸಂತ ಓಸ್ವಾಲ್ಡ್ ಕಟ್ಟಿದ್ದ ಹಳೆಯ ಚರ್ಚಿನ ಛಾವಣಿ ಕೀಳುವ ದಿನ ಬಂದಾಗ ಅವನು ಚರ್ಚಿನಂಗಳದಲ್ಲಿ ನಿಂತು ಅತ್ತುಬಿಟ್ಟ. ಜೊತೆಯವರು, ಇಂಥ ವೈಭವದ ದೇವಾಲಯ ಕಟ್ಟಿಸಿದ್ದಕ್ಕೆ ಸಂತೋಷಪಡಬೇಕಲ್ಲವೇ ಎಂದರು. ನಾವು ಹೆಸರಿನ ಆಸೆಗೆ ಸಂತರ ಕೆಲಸವನ್ನು ಕೆಡವುತ್ತಿದ್ದೇವೆ, ಆ ಹಿರಿಯರಿಗೆ ಆಡಂಬರದ ಕಟ್ಟಡ ಕಟ್ಟಲು ಬರುತ್ತಿರಲಿಲ್ಲ, ಎಂಥ ಮಾಡಿನ ಕೆಳಗಾದರೂ ತಮ್ಮನ್ನು ದೇವರಿಗೆ ಒಪ್ಪಿಸಿಕೊಳ್ಳುವುದು ಗೊತ್ತಿತ್ತು, ನಾವು ಆತ್ಮಗಳನ್ನು ಮರೆತು ಕಲ್ಲು ಪೇರಿಸುತ್ತಿದ್ದೇವೆ ಎಂಬರ್ಥದ ಮಾತು ಅವನ ಬಾಯಿಂದ ಬಂತಂತೆ. ಆಜ್ಞೆ ಕೊಟ್ಟವನೂ ಅವನೇ, ಅತ್ತವನೂ ಅವನೇ. ಅವನ ಇಡೀ ಬದುಕಿನಲ್ಲಿ ನನಗೆ ಅತ್ಯಂತ ನಿಜವೆನಿಸುವ ಗಳಿಗೆ ಇದು. 1066ರಿಂದ ಅವನು ನುಂಗಿಕೊಂಡದ್ದೆಲ್ಲ ಆ ಅಂಗಳದಲ್ಲಿ ಹೊರಬಂದಿರಬೇಕು ಎಂದು ನಾನು ಊಹಿಸುತ್ತೇನೆ.

1094ರಲ್ಲಿ ಕಾಯಿಲೆ ಬಿದ್ದ, 1095ರ ಜನವರಿಯಲ್ಲಿ ತೀರಿಕೊಂಡ. ಕೊನೆಯ ದಿನಗಳಲ್ಲಿ ಮಲಗುವುದಕ್ಕಿಂತ ಕುರ್ಚಿಯಲ್ಲಿ ಕುಳಿತಿರುವುದೇ ಹೆಚ್ಚಾಗಿತ್ತು, ಕಣ್ಣಿಗೆ ಪೂಜಾವೇದಿ ಕಾಣುವಂತೆ ಆ ಕುರ್ಚಿಯನ್ನು ಇಡಿಸಿಕೊಂಡಿದ್ದ.

ಹದಿನೈದು ವರ್ಷ ಅವನ ಜೊತೆಗಿದ್ದ ಪಾದ್ರಿ ಕೋಲ್ಮನ್ ಅವನ ಜೀವನಚರಿತ್ರೆ ಬರೆದ. ಲ್ಯಾಟಿನ್ ಬಿಟ್ಟು ಇಂಗ್ಲಿಷಿನಲ್ಲಿ ಬರೆದ. ಗೆದ್ದವರ ಮನೆಮಾತು ಫ್ರೆಂಚ್, ಚರ್ಚಿನ ಭಾಷೆ ಲ್ಯಾಟಿನ್ ಆಗಿದ್ದಾಗ ಇದು ಸಣ್ಣ ನಿರ್ಧಾರವಲ್ಲ. ಮುಂದೆ 12ನೆಯ ಶತಮಾನದ ಮೊದಲ ಅರ್ಧದಲ್ಲಿ ವುಸ್ಟರ್‌ನ ಪ್ರಯರ್ ಕೋರಿಕೆಯಂತೆ ಮಾಮ್ಸ್‌ಬರಿಯ ವಿಲಿಯಂ ಅದನ್ನು ಲ್ಯಾಟಿನ್‌ಗೆ ತಿರುಗಿಸಿದ. ಲ್ಯಾಟಿನ್ ಉಳಿಯಿತು, ಇಂಗ್ಲಿಷ್ ಮೂಲ ಕಳೆದುಹೋಯಿತು. ಬಾತಿನ ವಾಸನೆ, ಬ್ರಿಸ್ಟಲ್‌ನ ಹಗ್ಗ, ಅಂಗಳದ ಅಳು, ಎಲ್ಲವೂ ನಮಗೆ ಸಿಗುವುದು ಆ ಅನುವಾದದ ಮೂಲಕ. ವುಸ್ಟರ್ ಮಾತ್ರ ಹಳೆಯ ಇಂಗ್ಲಿಷನ್ನು ಅಷ್ಟು ಬೇಗ ಬಿಟ್ಟುಕೊಡಲಿಲ್ಲ. 13ನೆಯ ಶತಮಾನದಲ್ಲಿ ಅಲ್ಲಿ ಒಬ್ಬ ಸನ್ಯಾಸಿ ಇದ್ದ, ಕೈ ನಡುಗುತ್ತಿತ್ತು, ಅಕ್ಷರಗಳು ಎಡಕ್ಕೆ ವಾಲುತ್ತಿದ್ದವು; ವಿದ್ವಾಂಸರು ಅವನನ್ನು ‘ನಡುಗುವ ಕೈ’ ಎಂದೇ ಗುರುತಿಸುತ್ತಾರೆ. ಯಾರಿಗೂ ಅರ್ಥವಾಗದಂತಾಗಿದ್ದ ಹಳೆಯ ಹಸ್ತಪ್ರತಿಗಳ ಸಾಲುಗಳ ನಡುವೆ, ಪುಟಗಳ ಅಂಚಿನಲ್ಲಿ, ಸುಮಾರು 50,000 ಪದಟಿಪ್ಪಣಿಗಳನ್ನು ಬರೆದ. ಇಂಗ್ಲಿಷಿನಲ್ಲಿ ಜನರಿಗೆ ಬೋಧಿಸಿದ ಹಳೆಯ ಗುರುಗಳನ್ನು ಹೆಸರಿಸುವ ಒಂದು ಪದ್ಯವೂ ಅವನ ಕೈಬರಹದಲ್ಲಿದೆ: ಈಗ ಆ ವಿದ್ಯೆ ಬಿಟ್ಟುಹೋಯಿತು, ಜನ ದಿಕ್ಕೆಟ್ಟರು ಎಂದು ಅದು ಅಳುತ್ತದೆ.

1203ರಲ್ಲಿ ಪೋಪ್ ಮೂರನೆಯ ಇನ್ನೊಸೆಂಟ್ ವುಲ್ಫ್‌ಸ್ಟನ್‌ನನ್ನು ಸಂತನೆಂದು ಘೋಷಿಸಿದ. ಅಷ್ಟರಲ್ಲಿ ಅವನ ಬಗ್ಗೆ ಒಂದು ಪವಾಡದ ಕತೆ ಹಬ್ಬಿತ್ತು. ಲ್ಯಾನ್‌ಫ್ರಾಂಕ್ ಅವನನ್ನು ಅನಕ್ಷರಸ್ಥನೆಂದು ಪೀಠದಿಂದ ಇಳಿಯಲು ಹೇಳಿದನಂತೆ. ಅವನು ಎಡ್ವರ್ಡ್ ರಾಜನ ಸಮಾಧಿಗೆ ಹೋಗಿ, ಇದನ್ನು ಕೊಟ್ಟವನು ನೀನು, ನೀನೇ ತೆಗೆದುಕೋ ಎಂದು ಬಿಷಪ್ ಪದವಿಯ ಗುರುತಾದ ತನ್ನ ದಂಡವನ್ನು ಕಲ್ಲಿನ ಮೇಲೆ ಊರಿದನಂತೆ. ದಂಡ ಕಲ್ಲಿನಲ್ಲಿ ಹೂತುಹೋಗಿ ಯಾರು ಎಳೆದರೂ ಬರದೆ, ಅವನು ಮುಟ್ಟಿದಾಗ ಮಾತ್ರ ಬಂತಂತೆ. 1211ರಲ್ಲಿ ಪೋಪ್‌ನ ದೂತರ ಜೊತೆ ಜಗಳಕ್ಕೆ ಬಿದ್ದಾಗ ಜಾನ್ ರಾಜ ಇದೇ ಕತೆಯನ್ನು ಸಾಕ್ಷಿಯಾಗಿ ತಂದ: ನೋಡಿ, ಬಿಷಪ್‌ನನ್ನು ನೇಮಿಸುವವನು ರಾಜನೇ. ಜಾನ್‌ಗೆ ವುಲ್ಫ್‌ಸ್ಟನ್ ಮೇಲೆ ಎಷ್ಟು ಭಕ್ತಿಯೆಂದರೆ 1216ರಲ್ಲಿ ಸತ್ತಾಗ ಹೆಣವನ್ನು ವುಸ್ಟರ್‌ಗೇ ತಂದು ಅವನ ಬಳಿ ಹೂಳಿದರು. ಹದಿನೈದು ವರ್ಷ ಜೊತೆಗಿದ್ದವನ ಬರಹವನ್ನೇ ಮುಂದಿಟ್ಟುಕೊಂಡು ವಿಲಿಯಂ ಬರೆದ ಚರಿತ್ರೆಯಲ್ಲಿ ದಂಡದ ಕತೆ ಇಲ್ಲ. ಅವನು ಹೇಗೆ ಉಳಿದುಕೊಂಡ ಎಂಬುದನ್ನು ವಿವರಿಸಲು ಮುಂದಿನವರಿಗೆ ಒಂದು ಪವಾಡ ಬೇಕಾಯಿತು. ಪ್ರಮಾಣ, ಕಂದಕದ ಪಕ್ಕದ ರಾಜಿ, ಕೋಟೆಯೊಳಗಿನ ಶಾಪ, ಹೆಮಿಂಗ್‌ನ ಪುಸ್ತಕ ಅವರಿಗೆ ಸಾಲಲಿಲ್ಲ.

ಸಂತನ ಸಮಾಧಿಯನ್ನು 16ನೆಯ ಶತಮಾನದಲ್ಲಿ ಒಡೆದು ಹಾಕಿದರು. ಜಾನ್ ರಾಜನ ಗೋರಿ ಇದೆ, ವುಸ್ಟರ್‌ಗೆ ಹೋಗುವವರೆಲ್ಲ ಅದನ್ನೇ ನೋಡುತ್ತಾರೆ. ಯಾರಾದರೂ ಅತ್ತ ಹೋಗುವವರಿದ್ದರೆ ಮೊದಲು ಕೆಳಗಿನ ನೆಲಮಾಳಿಗೆಗೆ ಇಳಿಯಿರಿ ಎಂದು ಹೇಳುತ್ತೇನೆ. ಗಿಡ್ಡ ಕಂಬಗಳ ಸಾಲುಸಾಲು ಇರುವ ಆ ಭಾಗ ವುಲ್ಫ್‌ಸ್ಟನ್ ಕಟ್ಟಿಸಿದ್ದು, ಹಾಗೆಯೇ ಉಳಿದಿದೆ. 1092ರಲ್ಲಿ ಅವನು ಅಲ್ಲಿಯೇ ತನ್ನ ಧರ್ಮಪ್ರಾಂತ್ಯದ ಸಭೆ ನಡೆಸಿದ. ಊರಿನ ಎರಡು ಚಿಕ್ಕ ಚರ್ಚುಗಳ ಪಾದ್ರಿಗಳು ತಮ್ಮ ತಮ್ಮ ಹಕ್ಕಿನ ಬಗ್ಗೆ ಕಿತ್ತಾಡುತ್ತಿದ್ದರು. ಎಂಬತ್ತು ದಾಟಿದ ಬಿಷಪ್ ಸೀಮೆಯ ಹಿರಿಯರನ್ನು ಕೂರಿಸಿ, ಹಳೆಯ ಪದ್ಧತಿ ಏನಿತ್ತೆಂದು ಕೇಳಿ, ಅವರು ಹೇಳಿದ್ದನ್ನು ಬರೆಸಿ, ತೀರ್ಪು ಕೊಟ್ಟ.